ಹಿಂಚಕ್ರದ ಉಜ್ಜುವಿಕೆ: ದೋಷ ಒಂದೆಡೆ, ಖರ್ಚು ಇನ್ನೊಂದೆಡೆ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿಯ ಸಿದ್ಧ ಉಡುಪು ವ್ಯಾಪಾರಿಯೊಬ್ಬರೊಡನೆ ಕಾರವಾರಕ್ಕೆ ಪ್ರಯಾಣ ಮಾಡುವ ಸಂದರ್ಭ ಒದಗಿತು. ಅವರು ನನ್ನ ಹಳೆಯ ಕಕ್ಷಿದಾರರು. ಕಾರಿನಲ್ಲಿ ನಾವು ನಾಲ್ವರು, ಡಿಕ್ಕಿಯಲ್ಲಿ ಮಾದರಿ ಬಟ್ಟೆಗಳ ಎರಡು ದೊಡ್ಡ ಗಂಟುಗಳು. ಕಲಘಟಗಿ ದಾಟುವಷ್ಟರಲ್ಲಿಯೇ ಪ್ರತಿಯೊಂದು ರಸ್ತೆ ಉಬ್ಬಿನ ಮೇಲೂ ಹಿಂಬದಿಯಿಂದ ‘ಕರ್’ ಎಂಬ ಶಬ್ದ ಕೇಳಿಬರತೊಡಗಿತು. ‘ಹೊಸ ಅಲಾಯ್ ಚಕ್ರ ಹಾಕಿಸಿದ್ದೇನೆ, ಸ್ವಲ್ಪ ತಾಗುತ್ತದೆ, ಕ್ರಮೇಣ ಸರಿಹೋಗುತ್ತದೆ ಎಂದಿದ್ದಾರೆ’ ಎಂದರು. ಯಲ್ಲಾಪುರದಲ್ಲಿ ಚಹಾಕ್ಕೆಂದು ನಿಂತಾಗ ಬಗ್ಗಿ ನೋಡಿದೆವು. ಬಲಗಡೆಯ ಹಿಂಚಕ್ರದ ಟೈರಿನ ಹೊರ ಅಂಚು ಸುತ್ತಲೂ ಉಜ್ಜಿ ಹೊಳಪಾಗಿತ್ತು. ಒಂದೆಡೆ ಬ್ಲೇಡಿನಿಂದ ಗೀರಿದಂತೆ ಸೀಳು ಬಿದ್ದು ಒಳಗಿನ ನೂಲಿನ ಎಳೆ ಕಾಣುತ್ತಿತ್ತು. ಅಲ್ಲಿಂದ ಮುಂದೆ ಅರಬೈಲು ಘಾಟಿನ ಇಳಿಜಾರು. ಕಾರವಾರದ ಕೆಲಸವನ್ನು ಕೈಬಿಟ್ಟು, ಮೂಲ ಅಳತೆಯ ಹೆಚ್ಚುವರಿ ಚಕ್ರವನ್ನು ಜೋಡಿಸಿ ನಿಧಾನವಾಗಿ ಹಿಂದಿರುಗಿದೆವು.

ಈ ಲೇಖಕನು ಯಂತ್ರಶಾಸ್ತ್ರಜ್ಞನಲ್ಲ. ಲೆಕ್ಕ ಬರೆಯುವವನು, ಲೆಕ್ಕ ನೋಡುವವನು. ಆದರೆ ಆ ಕಾರಿನ ದುರಸ್ತಿಯ ಬಿಲ್ಲುಗಳು ಒಂದೊಂದಾಗಿ ನನ್ನ ಮೇಜಿಗೆ ಬಂದುದರಿಂದ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಅನಿವಾರ್ಯವಾಯಿತು. ತಿಳಿದ ಮೇಲೆ ಇದು ಅಳತೆಯ ಪ್ರಶ್ನೆಯೇ ಹೊರತು ಕಸುಬಿನ ಗುಟ್ಟಲ್ಲ ಎಂಬುದು ಮನವರಿಕೆಯಾಯಿತು.

ಸ್ವಿಫ್ಟ್, ಡಿಸೈರ್ ಮುಂತಾದ ಸಣ್ಣ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಕಂಡುಬರುವ 185/65 ಆರ್ 15 ಎಂಬ ಟೈರನ್ನೇ ತೆಗೆದುಕೊಳ್ಳೋಣ. ಇದರಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಚಕ್ರದ ಒಟ್ಟು ವ್ಯಾಸ 621.5 ಮಿ.ಮೀ. ಆಗುತ್ತದೆ. ನಮ್ಮ ಮಿತ್ರರು ಹಾಕಿಸಿದ್ದುದು 205/60 ಆರ್ 16. ಅದರ ವ್ಯಾಸ 652.4 ಮಿ.ಮೀ.; ಅಂದರೆ ಸುಮಾರು ಶೇ. 5ರಷ್ಟು ಹೆಚ್ಚು. ಚಕ್ರದ ಮೇಲ್ತುದಿಯು ಕಮಾನಿನತ್ತ 15 ಮಿ.ಮೀ.ಗೂ ಹೆಚ್ಚು ಸಮೀಪಿಸಿತು.

ಇದು ಕಣ್ಣಿಗೆ ಕಾಣುವ ಅಳತೆ. ಕಾಣದ ಇನ್ನೊಂದು ಅಳತೆಯಿದೆ. ಅದಕ್ಕೆ ಆಫ್‌ಸೆಟ್ ಎನ್ನುತ್ತಾರೆ; ರಿಮ್ಮಿನ ಒಳಭಾಗದಲ್ಲಿ ಇಟಿ 45, ಇಟಿ 35 ಎಂದು ಅಚ್ಚೊತ್ತಿರುತ್ತದೆ. ರಿಮ್ಮಿನ ಅಗಲದ ನಡುಗೆರೆಗೂ ಅದನ್ನು ಕಾರಿಗೆ ಬಿಗಿಯುವ ಮುಖಕ್ಕೂ ನಡುವಿನ ಅಂತರವೇ ಇದು. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. ಮೂಲ ರಿಮ್ 45 ಇದ್ದು ಹೊಸದು 35 ಆಗಿದ್ದರೆ ಚಕ್ರವು 10 ಮಿ.ಮೀ. ಹೊರಬರುತ್ತದೆ. ಟೈರಿನ ಅಗಲ 20 ಮಿ.ಮೀ. ಹೆಚ್ಚಿರುವುದರಿಂದ ಪ್ರತಿ ಬದಿಗೆ ಇನ್ನೂ 10 ಮಿ.ಮೀ. ಸೇರುತ್ತದೆ. ಪರಿಣಾಮವಾಗಿ ಒಳಬದಿಯಲ್ಲಿ ಏನೂ ಬದಲಾಗುವುದಿಲ್ಲ. ಹೊರಬದಿಯಲ್ಲಿ 20 ಮಿ.ಮೀ. ಮುಂಚಾಚುತ್ತದೆ. ಅಂಗಡಿಯಲ್ಲಿ ಕಾರು ಖಾಲಿ ನಿಂತಾಗ ಇದು ಶೋಭೆಯಾಗಿಯೇ ಕಾಣುತ್ತದೆ. ಹಿಂದಿನ ಆಸನದಲ್ಲಿ ಮೂವರು ಕುಳಿತು ಡಿಕ್ಕಿಯಲ್ಲಿ ಸರಕು ತುಂಬಿದಾಗ ಕಾರಿನ ಹಿಂಭಾಗ ತಗ್ಗುತ್ತದೆ. ಆಗ ಕಮಾನಿನ ಒಳಮಡಿಕೆಯ ಉಕ್ಕಿನ ಅಂಚು ಟೈರನ್ನು ಕೆತ್ತತೊಡಗುತ್ತದೆ. ಮುಂಚಕ್ರಗಳು ತಿರುಗಬೇಕಾಗಿರುವುದರಿಂದ ಅಲ್ಲಿ ತಯಾರಕರು ಜಾಗ ಬಿಟ್ಟಿರುತ್ತಾರೆ. ಹಿಂಬದಿಗೆ ಆ ಸೌಕರ್ಯವಿಲ್ಲ. ಭಾರವೆಲ್ಲ ಬೀಳುವುದೂ ಅಲ್ಲಿಯೇ. ಶೋಕಿಗಾಗಿ ಕಾರು ಓಡಿಸುವವರಿಗಿಂತ ಸರಕು ಹೇರುವ ವ್ಯಾಪಾರಿಗಳಿಗೆ ಈ ತೊಂದರೆ ಹೆಚ್ಚಾಗಿ ಕಾಡುವುದು ಇದೇ ಕಾರಣಕ್ಕೆ.

ಹುಬ್ಬಳ್ಳಿಗೆ ಮರಳಿದ ಮೇಲೆ ಅವರಿಗೆ ಮೂರು ಕಡೆ ಮೂರು ಸಲಹೆಗಳು ದೊರೆತವು. ಒಬ್ಬರು ಕಮಾನಿನ ಅಂಚನ್ನು ಬಡಿದು ಒಳಕ್ಕೆ ಮಡಚೋಣ ಎಂದರು. ಇನ್ನೊಬ್ಬರು ಹಿಂಬದಿಯ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುಂಡು ಸೇರಿಸಿ ಕಾರನ್ನು ಎತ್ತರಿಸೋಣ ಎಂದರು. ಮೂರನೆಯವರು ಸ್ಪೇಸರ್ ಹಾಕೋಣ ಎಂದರು. ಕೊನೆಯ ಸಲಹೆ ಕೇಳಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಸ್ಪೇಸರ್ ಚಕ್ರವನ್ನು ಇನ್ನಷ್ಟು ಹೊರಕ್ಕೆ ದೂಡುತ್ತದೆ. ಟೈರು ಒಳಬದಿಯಲ್ಲಿ ಡ್ಯಾಂಪರಿಗೆ ತಾಗುತ್ತಿದ್ದರೆ ಅದಕ್ಕೆ ಅರ್ಥವಿತ್ತು. ಹೊರಬದಿಯಲ್ಲಿ ತಾಗುವ ಟೈರಿಗೆ ಅದು ರೋಗವನ್ನೇ ಔಷಧವಾಗಿ ಕೊಟ್ಟಂತೆ. ರಬ್ಬರ್ ತುಂಡಿನಿಂದ ಕಾರು ಕೊಂಚ ಎತ್ತರವಾಗುವುದು ನಿಜ, ಆದರೆ ಸುರುಳಿಯ ಸ್ವಾಭಾವಿಕ ಕುಗ್ಗುವಿಕೆಗೆ ಅಡ್ಡಿಯಾಗಿ ಒತ್ತಡ ಒಂದೆಡೆ ಸೇರುತ್ತದೆ.

ಅಂಚು ಮಡಚುವ ವಿಚಾರವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸಬೇಕು, ಏಕೆಂದರೆ ಬಹುಮಂದಿ ಆರಿಸಿಕೊಳ್ಳುವ ಮಾರ್ಗ ಇದೇ. ಮುಂದಿನ ಫೆಂಡರು ಬೋಲ್ಟುಗಳಿಂದ ಕೂಡಿಸಿದ ಬಿಡಿಭಾಗ. ಕೆಟ್ಟರೆ ಬಿಚ್ಚಿ ಬದಲಾಯಿಸಬಹುದು. ಹಿಂಬದಿಯ ಕಮಾನಿರುವ ಫಲಕವಾದರೋ ಕಾರಿನ ದೇಹಕ್ಕೇ ಬೆಸುಗೆಯಾಗಿರುತ್ತದೆ. ಹೊರಗಿನ ತಗಡೂ ಒಳಗಿನ ಚಕ್ರಗೂಡಿನ ತಗಡೂ ಆ ಅಂಚಿನಲ್ಲಿಯೇ ಕೂಡುತ್ತವೆ. ನಡುವೆ ನೀರು ನುಗ್ಗದಂತೆ ಸೀಲಂಟು ತುಂಬಿರುತ್ತಾರೆ. ಉಪಕರಣವನ್ನು ಹಬ್ಬಿಗೆ ಜೋಡಿಸಿ, ಬಣ್ಣವನ್ನು ಹದವಾಗಿ ಕಾಯಿಸಿ, ಹಲವು ಸುತ್ತಿನಲ್ಲಿ ಮೆಲ್ಲಮೆಲ್ಲನೆ ಉರುಳಿಸಿ ಮಡಚುವ ನುರಿತವರಿದ್ದಾರೆ. ಅಂಥವರ ಕೈಯಲ್ಲಿ ಐದಾರು ಮಿಲಿಮೀಟರಿನ ತಾಗುವಿಕೆ ನಿವಾರಣೆಯಾಗಬಹುದು. ಸುತ್ತಿಗೆಯಿಂದ ಬಡಿದರೆ ಬಣ್ಣ ಬಿರಿಯುತ್ತದೆ, ಸೀಲಂಟು ಒಡೆಯುತ್ತದೆ, ಎರಡು ಮಳೆಗಾಲದಲ್ಲಿ ತುಕ್ಕು ಒಳಗಿನಿಂದ ಹೊರಬರುತ್ತದೆ. ಕರಾವಳಿಗೆ ಓಡಾಡುವ ವಾಹನವಾದರೆ ಕೇಳುವುದೇ ಬೇಡ.

ನಮ್ಮ ಮಿತ್ರರು ಬಡಿಸಿಯೇಬಿಟ್ಟರು. ಶಬ್ದ ಕಡಿಮೆಯಾಯಿತು, ನಿಲ್ಲಲಿಲ್ಲ. ಮತ್ತೆ ರಬ್ಬರ್ ತುಂಡು ಬಂತು. ಅನಂತರ ಗಾಳಿಯ ಒತ್ತಡ ಹೆಚ್ಚಿಸಿ ನೋಡಿದರು. ಟೈರಿನ ನಡುಭಾಗ ಸವೆಯತೊಡಗಿತು. ನಾಲ್ಕು ಚಕ್ರಗಳಿಗೆ 58,000 ರೂಪಾಯಿ ಕೊಟ್ಟಿದ್ದೇನೆ, ಬಿಟ್ಟುಬಿಡಲಾಗುತ್ತದೆಯೇ ಎಂಬುದು ಅವರ ವಾದ. ವ್ಯಾಪಾರದಲ್ಲಿ ಇಷ್ಟು ಚಾಣಾಕ್ಷರಾದವರು ಈ ತಪ್ಪು ಮಾಡಬಾರದಿತ್ತು. ಮಾರಾಟವಾಗದ ಸರಕನ್ನು ಕೊಂಡ ಬೆಲೆ ನೋಡಿ ಗೋದಾಮಿನಲ್ಲಿ ಕೊಳೆಯಿಸುವವರನ್ನು ಕಂಡು ಅವರೇ ನಗುತ್ತಾರೆ. ಹೋದ ಹಣ ಹೋಯಿತು. ಇಂದು ಮುಂದಿರುವ ಪ್ರಶ್ನೆ ಇನ್ನೆಷ್ಟು ಹೋಗಬೇಕು ಎಂಬುದಷ್ಟೆ. ದೋಷ ಇರುವುದು ಚಕ್ರದಲ್ಲಿ. ಖರ್ಚು ಮಾಡುತ್ತಿರುವುದು ಕಾರಿನ ದೇಹದ ಮೇಲೆ.

ನೇರವಾದ ಪರಿಹಾರ ಅಳತೆಗೆ ಹಿಂದಿರುಗುವುದು. 16 ಇಂಚಿನ ರಿಮ್ಮೇ ಬೇಕೆಂದಾದರೆ 195/55 ಆರ್ 16 ಟೈರಿನ ವ್ಯಾಸ 620.9 ಮಿ.ಮೀ.; ಮೂಲಕ್ಕೂ ಅದಕ್ಕೂ ಒಂದು ಮಿಲಿಮೀಟರಿನ ಅಂತರವೂ ಇಲ್ಲ. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಟೈರಿನ ಮೇಲೆ ಭಾರಸೂಚಕ ಸಂಖ್ಯೆಯೊಂದಿರುತ್ತದೆ: 88 ಎಂದರೆ 560 ಕಿ.ಗ್ರಾಂ., 87 ಎಂದರೆ 545, 91 ಎಂದರೆ 615. 195/55 ಆರ್ 16ರಲ್ಲಿ 87ರ ಟೈರುಗಳೂ ಸಿಗುತ್ತವೆ, ಬಲವರ್ಧಿತ 91ರವೂ ಸಿಗುತ್ತವೆ. ಮೂಲ ಟೈರು 88 ಆಗಿದ್ದಲ್ಲಿ, ಸರಕು ಹೇರುವವರು 91ನ್ನೇ ಕೇಳಿ ಪಡೆಯತಕ್ಕದ್ದು. ಆಫ್‌ಸೆಟ್ ಮೂಲ ರಿಮ್ಮಿನದಕ್ಕೆ ಆದಷ್ಟು ಸಮೀಪವಿರಬೇಕು. ಮೂಲ ಅಳತೆಯ ಟೈರೇ ತಾಗುತ್ತಿದ್ದರೆ ಮಾತ್ರ ಅದು ಬೇರೆ ಪ್ರಕರಣ. ಆಗ ಸ್ಪ್ರಿಂಗ್ ಕುಸಿದಿದೆಯೇ, ಮುರಿದಿದೆಯೇ ಎಂದು ಪರೀಕ್ಷಿಸಬೇಕು.

ಲೆಕ್ಕಪತ್ರದ ದೃಷ್ಟಿಯಿಂದ ಕೆಲವು ಮಾತು. ವ್ಯಾಸ ಶೇ. 5ರಷ್ಟು ಹೆಚ್ಚಿದರೆ ಮೀಟರು 20,000 ಕಿ.ಮೀ. ತೋರಿಸುವಾಗ ಕಾರು 21,000 ಓಡಿರುತ್ತದೆ. ಇಂಧನದ ಲೆಕ್ಕ, ಸರ್ವಿಸಿನ ಅವಧಿ, ಪ್ರತಿ ಕಿಲೋಮೀಟರಿನ ವೆಚ್ಚ ಎಲ್ಲವೂ ತಪ್ಪುತ್ತವೆ. ವೇಗಮಾಪಕವೂ ನಿಜವೇಗಕ್ಕಿಂತ ಕಡಿಮೆ ತೋರಿಸುತ್ತದೆ. ವಿಮೆಯ ವಿಷಯದಲ್ಲಿ, ಸವಕಳಿಗೆ ಪರಿಹಾರವಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಟೈರಿನ ಹಾನಿಗೆ ಪರಿಹಾರ ಸಿಗುವುದು ವಾಹನಕ್ಕೂ ಅದೇ ವೇಳೆಯಲ್ಲಿ ಹಾನಿಯಾದಾಗ ಮಾತ್ರ, ಅದೂ ಬದಲಾವಣೆಯ ವೆಚ್ಚದ ಶೇ. 50ರ ಮಿತಿಯಲ್ಲಿ. ಹೊರಗಿನಿಂದ ಹಾಕಿಸಿದ ಚಕ್ರಗಳನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದಿದ್ದರೆ ಅವುಗಳ ಮೌಲ್ಯ ಕೇಳಲು ಆಧಾರವೇ ಇರುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ನಿರ್ಬಂಧ ವಿಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ತಯಾರಕರು ಅದೇ ಮಾದರಿಗೆ ಒಪ್ಪಿರುವ ಅಳತೆಯೊಳಗೆ ಉಳಿಯುವುದೇ ಲೇಸು.

ಇನ್ನು ಟೈರು ಮತ್ತು ಅಲಾಯ್ ಚಕ್ರ ಮಾರುವ ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ನಮ್ಮ ಮಿತ್ರರ ಬಿಲ್ಲಿನಲ್ಲಿ ‘ಅಲಾಯ್ ವೀಲ್ ಟೈರು ಸಹಿತ, 1 ಸೆಟ್’ ಎಂದಷ್ಟೇ ಬರೆದಿತ್ತು. ಅಳತೆಯಿಲ್ಲದ ಈ ಬಿಲ್ಲನ್ನು ಹಿಡಿದು ಅವರು ಯಾರನ್ನು ಏನೆಂದು ಕೇಳಬೇಕು? ರಿಮ್ಮಿನ ವ್ಯಾಸ, ಅಗಲ, ಆಫ್‌ಸೆಟ್, ಟೈರಿನ ಅಳತೆ, ಭಾರಸೂಚಕ ಇಷ್ಟನ್ನೂ ಬಿಲ್ಲಿನಲ್ಲಿ ನಮೂದಿಸಲು ಎರಡು ಸಾಲು ಸಾಕು. ಮಾರುವ ಮುನ್ನ ಹಿಂದಿನ ಆಸನದಲ್ಲಿ ಮೂವರನ್ನು ಕೂರಿಸಿ ಒಂದು ಉಬ್ಬು ಹತ್ತಿಸಿ ನೋಡಲು ಹತ್ತು ನಿಮಿಷ ಹಿಡಿಯುತ್ತದೆ. ಗ್ರಾಹಕ ಕೇಳಿದ್ದನ್ನು ಕೊಟ್ಟೆವು ಎಂಬ ಉತ್ತರ ನನಗೆ ಒಪ್ಪಿಗೆಯಾಗದು. ಗ್ರಾಹಕನಿಗೆ ತಿಳಿದಿರುವುದು ನೋಟ, ಅಳತೆ ತಿಳಿದಿರಬೇಕಾದವರು ವರ್ತಕರು. ವಾಣಿಜ್ಯ ಸಂಸ್ಥೆಯು ಈ ಬಗ್ಗೆ ವಾಹನ ಬಿಡಿಭಾಗಗಳ ವರ್ತಕರ ಸಭೆ ಕರೆದು ಬಿಲ್ಲಿನ ನಮೂನೆಯೊಂದನ್ನು ಒಪ್ಪಿಸಿದರೆ ಎರಡೂ ಕಡೆಯವರಿಗೆ ರಕ್ಷಣೆ ದೊರೆಯುತ್ತದೆ.

ಆ ಕಾರು ಈಗ ಮೂಲ ಚಕ್ರಗಳ ಮೇಲೆಯೇ ಕಾರವಾರಕ್ಕೆ ಹೋಗಿ ಬರುತ್ತಿದೆ. ಕಮಾನಿನ ಅಂಚಿನಲ್ಲಿ ಬಣ್ಣ ಬಿರಿದ ಜಾಗಕ್ಕೆ ಪ್ರೈಮರ್ ಬಳಿಸಿದ್ದಾರೆ. ಬಿಚ್ಚಿಟ್ಟ ನಾಲ್ಕು ಚಕ್ರಗಳು ಗೋದಾಮಿನಲ್ಲಿ ಬಟ್ಟೆಯ ಗಂಟುಗಳ ಪಕ್ಕದಲ್ಲಿ ನಿಂತಿವೆ. ವರ್ಷಾಂತ್ಯದ ಲೆಕ್ಕದಲ್ಲಿ ಅವುಗಳನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕೆಂದು ಮೊನ್ನೆ ದೂರವಾಣಿಯಲ್ಲಿ ಕೇಳಿದರು. ಮೊದಲು ಕೊಳ್ಳುವವರನ್ನು ಹುಡುಕಿ ಎಂದಿದ್ದೇನೆ.