ಹೊನ್ನಮ್ಮನ ಸಾಂಗತ್ಯ: ನಾವು ಕೇಳದ ಅರ್ಧ

ಮುಂಬಯಿಯ ನಮ್ಮವರ ಮದುವೆಗಳಲ್ಲಿ ವಧುವಿಗೆ ಬುದ್ಧಿವಾದ ಹೇಳುವಾಗ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ಪ್ರಸ್ತಾಪ ಬರುವುದುಂಟು. ಈಚೆಗೆ ಮಾಟುಂಗದ ಮದುವೆಯೊಂದರಲ್ಲಿ ಹಿರಿಯರೊಬ್ಬರು ಅದನ್ನು ಹೆಣ್ಣಿನ ಕರ್ತವ್ಯಗಳ ಪಟ್ಟಿಯೆಂದೇ ಬಣ್ಣಿಸಿದರು. ಆ ಮಾತು ಅರ್ಧಸತ್ಯ. ಉಳಿದರ್ಧವನ್ನು ಅರಿಯಲು ಕಾವ್ಯದ ಛಂದಸ್ಸಿಗೆ ಕಿವಿಗೊಡಬೇಕು.

ನಾನು ಪಂಡಿತನಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ ಹೋಟೆಲಿನ ಗಲ್ಲೆಯಲ್ಲಿ ಕುಳಿತವನು. ಆದರೆ ಸಾಂಗತ್ಯದ ಲೆಕ್ಕ ನನ್ನಂಥವನಿಗೂ ಎಟುಕುವಂಥದು. ಪದ್ಯಕ್ಕೆ ನಾಲ್ಕು ಸಾಲು. ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ನಾಲ್ಕು ವಿಷ್ಣುಗಣಗಳು. ಎರಡನೆಯ ಮತ್ತು ನಾಲ್ಕನೆಯವುಗಳಲ್ಲಿ ಎರಡೆರಡು ವಿಷ್ಣುಗಣಗಳು, ಕೊನೆಗೊಂದು ಬ್ರಹ್ಮಗಣ. ಉದ್ದದ ಸಾಲು ಮಾತನ್ನು ಎತ್ತುತ್ತದೆ, ಗಿಡ್ಡ ಸಾಲು ಅದನ್ನು ಮುಟ್ಟಿಸಿ ನಿಲ್ಲುತ್ತದೆ. ಅಂಶಗಣಗಳಾದುದರಿಂದ ಎಳೆದು ಹಾಡಲು ಎಡೆಯುಂಟು. ಅಕ್ಷರ ಬಾರದವರೂ ಕೇಳಿ ಕಲಿಯಬಹುದು.

17ನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಈ ಹೆಣ್ಣುಮಗಳು ಪಂಡಿತರ ಚಂಪುವಿನ ಗೊಡವೆಗೆ ಹೋಗದೆ ಈ ಮಟ್ಟನ್ನೇ ಆರಿಸಿಕೊಂಡಳು. ಪತಿವ್ರತೆಯ ನಡೆಯನ್ನು ಉಪದೇಶಿಸಿದ ಅದೇ ಮಟ್ಟಿನಲ್ಲಿ, ದನಿಯೇರಿಸದೆ, ಹೆಣ್ಣನ್ನು ಹಳಿಯುವವರಿಗೆ ಅವರ ತಾಯಿಯನ್ನು ನೆನಪಿಸಿದಳು. ಗಂಡುಮಗುವಿಗೇ ಹಿರಿಮೆ ಕೊಡುವ ಹೆತ್ತವರನ್ನು ಪ್ರಶ್ನಿಸಿದಳು.

ಆ ಪ್ರಸಿದ್ಧ ಪದ್ಯದ ಆದಿಪ್ರಾಸವನ್ನು ಗಮನಿಸಿರಿ. ಮೂರು ಸಾಲುಗಳು ‘ಪೆಣ್ಣು’ ಎಂಬ ಪದದಿಂದಲೇ ಮೊದಲಾಗುತ್ತವೆ. ನಾಲ್ಕನೆಯದು ಮಾತ್ರ ‘ಕಣ್ಣು’ ಎಂದು ತೊಡಗಿ, ಹಳಿಯುವವರಿಗೆ ಅದಿಲ್ಲವೆಂದು ಸಾರುತ್ತದೆ. ಎರಡನೆಯ ಅಕ್ಷರದ ಪ್ರಾಸವು ಇಲ್ಲಿ ಬರಿಯ ಅಲಂಕಾರವಲ್ಲ, ವಾದವೇ ಆಗಿದೆ. ತೀರ್ಪು ಬೀಳುವುದೂ ಗಿಡ್ಡ ಸಾಲಿನಲ್ಲಿ. ಗಣ ಎಣಿಸಿದವರು ಇದನ್ನು ಕೇಳಲಿಲ್ಲ. ನೀತಿ ಹೆಕ್ಕಿದವರು ಇದನ್ನು ಎಣಿಸಲಿಲ್ಲ.

ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು ಬಂದದ್ದು 1961ರಲ್ಲಿ. ಆದರೂ ಮಂಟಪದಲ್ಲಿ ಹೊನ್ನಮ್ಮನನ್ನು ಹೊಗಳಿದ ಬಾಯಿಯೇ ಒಳಕೋಣೆಯಲ್ಲಿ ಚಿನ್ನದ ತೂಕ ವಿಚಾರಿಸುವುದನ್ನು ನಾನು ಕಂಡಿದ್ದೇನೆ. ಹಿರಿಯರಲ್ಲಿ ಒಂದೇ ಬಿನ್ನಹ: ಮುಂದಿನ ಮದುವೆಯಲ್ಲಿ ವಧುವಿಗೆ ಉಪದೇಶದ ಪದ್ಯಗಳನ್ನು ಹಾಡುವುದಾದರೆ ಹಾಡಿರಿ, ಬಳಿಕ ಗಂಡಿನ ಕಡೆಯವರತ್ತ ತಿರುಗಿ ಈ ಪದ್ಯವನ್ನೂ ಹಾಡಿರಿ. ಮಟ್ಟು ಒಂದೇ, ಶ್ರುತಿ ಬದಲಿಸಬೇಕಾಗಿಲ್ಲ.