ಬಾರೋ, ಮಳೆ ಏನ್ ಮಾಡುತ್ತೆ

2024ರ ಮೇ 26, ಭಾನುವಾರ. ನಮ್ಮ ಬೀದಿಯ ಎಲ್ಲ ಮನೆಗಳ ಟಿವಿಯಲ್ಲೂ ಐಪಿಎಲ್ ಫೈನಲ್. ಆರ್‌ಸಿಬಿ ನಾಲ್ಕು ದಿನ ಮೊದಲೇ ಮನೆ ಸೇರಿತ್ತು, ಆದ್ರೂ ಜನ ನೋಡ್ತಿದ್ರು ಪಾಪ. ತುಮಕೂರಿನ ಎಸ್‌ಐಟಿ ಬಡಾವಣೆಯ ನನ್ನ ರೂಮಲ್ಲಿ ಮಾತ್ರ ಬೇರೆ ಹಬ್ಬ. ಕಾರ್ ರೇಸಿನ ಹುಚ್ಚು ಹಿಡಿದವರಿಗೆ ವರ್ಷದಲ್ಲಿ ಇಂಥ ಭಾನುವಾರ ಒಂದೇ. ಸಂಜೆ ಆರೂವರೆಗೆ ಮೊನಾಕೊ, ರಾತ್ರಿ ಹತ್ತೂಕಾಲಿಗೆ ಅಮೆರಿಕದ ಇಂಡಿ 500, ಬೆಳಗಿನ ಜಾವ ಮೂರೂವರೆಗೆ ಷಾರ್ಲೆಟ್‌ನ ಕೋಕಾ-ಕೋಲಾ 600. ಒಂದರ ಹಿಂದೆ ಒಂದು, ಮದುವೆ ಮನೆ ಊಟದ ಪಂಕ್ತಿ ಥರ.

ನಾವು ಮೂರು ಜನ. ಕಾಲೇಜಿನಿಂದಲೂ ಒಬ್ಬರನ್ನೊಬ್ಬರು ಊರ ಹೆಸರಿಂದಲೇ ಕರೆಯೋದು. ಒಬ್ಬ ಗುಬ್ಬಿ, ಒಬ್ಬ ಕುಣಿಗಲ್, ನಾನು ತುಮಕೂರು. ಕುಣಿಗಲ್‌ಗೆ ಒಂದು ಗರ್ವ ಇದೆ. ಹೈದರ್–ಟಿಪ್ಪು ಕಾಲದ ಅವನೂರಿನ ಕುದುರೆ ಫಾರಂ ಗುತ್ತಿಗೆ ಹಿಡಿದಿದ್ದ ವಿಜಯ್ ಮಲ್ಯರೇ ಫೋರ್ಸ್ ಇಂಡಿಯಾ ತಂಡ ಕಟ್ಟಿದ್ದು. ಆ ತಂಡದ ಫಿಸಿಕೆಲ್ಲಾ 2009ರಲ್ಲಿ ಸ್ಪಾದಲ್ಲಿ ಮೊದಲ ಸ್ಥಾನದಿಂದ ಹೊರಟು ಎರಡನೆಯವನಾಗಿ ಮುಗಿಸಿದ. "ಫಾರ್ಮುಲಾ ಒನ್‌ಗೂ ನಮ್ಮೂರಿಗೂ ನಂಟಿದೆ" ಅಂತ ಇವನು ಇವತ್ತಿಗೂ ಹೇಳ್ತಾನೆ. ಆಮೇಲೆ ಮಲ್ಯರ ಕಥೆ ಏನಾಯ್ತು ಅಂತ ಕೇಳಿದ್ರೆ ಕಾಫಿ ತರೋಕೆ ಎದ್ದು ಹೋಗ್ತಾನೆ.

ಕುಣಿಗಲ್ ಮಧ್ಯಾಹ್ನವೇ ಬಂದಿದ್ದ. ಗುಬ್ಬಿಗೆ ತೋಟದ ಕೆಲಸ, ಬರಲಾಗಲಿಲ್ಲ. ಹಿಂದಿನ ವರ್ಷದ ಬರ ನೆನಪಿದೆಯಲ್ಲ? ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಅವರ ತೆಂಗಿನ ಮರಗಳ ಗರಿ ಜೋತುಬಿದ್ದಿದ್ದು ನಾನೇ ನೋಡಿದ್ದೆ. ಆ ಮೇ ತಿಂಗಳಲ್ಲಿ ಅಂತೂ ಮಳೆ ಶುರುವಾಗಿತ್ತು. ಅವರಮ್ಮ ಫೋನಲ್ಲಿ ಮೊದಲು ಹೇಳ್ತಿದ್ದೇ "ನಮ್ಮ ಕಡೆ ಚೆನ್ನಾಗಿ ಬಂತು ಕಣಪ್ಪಾ" ಅಂತ.

ಮೊನಾಕೊದಲ್ಲಿ ಬಿಸಿಲು. ತನ್ನ ಹುಟ್ಟೂರಿನ ರೇಸನ್ನು ಲೆಕ್ಲೆರ್ ಕೊನೆಗೂ ಗೆದ್ದ. ಗೆದ್ದಾಗ ಕುಣಿಗಲ್ ಕಣ್ಣೊರೆಸಿಕೊಂಡ, ನಾನು ನೋಡದವನ ಹಾಗೆ ಇದ್ದೆ. ಅಷ್ಟರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮಳೆ, ರೇಸ್ ಮುಂದಕ್ಕೆ ಅಂತ ಸುದ್ದಿ ಬಂತು.

ಆ ದಿನ ನಮ್ಮ ಕುತೂಹಲವೆಲ್ಲ ಕೈಲ್ ಲಾರ್ಸನ್ ಮೇಲಿತ್ತು. ಇಂಡಿಯಲ್ಲಿ 500 ಮೈಲಿ ಓಡಿಸಿ, ಅಲ್ಲಿಂದ ಹಾರಿ ಷಾರ್ಲೆಟ್‌ಗೆ ಹೋಗಿ ಅದೇ ರಾತ್ರಿ ಇನ್ನೂ 600 ಮೈಲಿ ಓಡಿಸೋ ಲೆಕ್ಕ. ಕಿಲೋಮೀಟರಲ್ಲಿ ಹೇಳೋದಾದ್ರೆ 1,770. ಮಳೆ ಬಂದರೆ ಈ ಲೆಕ್ಕ ಪೂರ್ತಿ ಉಲ್ಟಾ.

ಯಾಕೆ ಅಂದ್ರೆ ಫಾರ್ಮುಲಾ ಒನ್‌ಗೆ ಮಳೆ ಟೈರ್ ಇದೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದೊಂದು ಟೈರು ಸೆಕೆಂಡಿಗೆ 85 ಲೀಟರ್ ನೀರು ಆಚೆ ಎಸೆಯುತ್ತೆ. ಅಂದ್ರೆ ನಮ್ಮನೆಯ ಐದಾರು ಬಿಂದಿಗೆ ನೀರು, ಒಂದೇ ಸೆಕೆಂಡಲ್ಲಿ. ಇಂಡಿ, ಷಾರ್ಲೆಟ್ ಹಾಗಲ್ಲ. ಅವು ಮೊಟ್ಟೆಯಾಕಾರದ, ತಿರುವಿನಲ್ಲಿ ವಾಲಿದ ಟ್ರ್ಯಾಕ್‌ಗಳು. ಅಲ್ಲಿ ನುಣುಪು ಟೈರಲ್ಲೇ ಓಡಿಸಬೇಕು, ನೆಲ ಒದ್ದೆಯಾದ್ರೆ ಕಾರು ನೇರ ಗೋಡೆಗೆ. ಅದಕ್ಕೇ ನಿಲ್ಲಿಸಿ, ಒಣಗಿಸೋ ಗಾಡಿಗಳನ್ನ ಸುತ್ತು ಹೊಡೆಸ್ತಾ ಕೂರ್ತಾರೆ.

ರಾತ್ರಿ ಹನ್ನೊಂದು ದಾಟಿತ್ತು. ಗುಬ್ಬಿ ಮೆಸೇಜ್ ಹಾಕಿದ: "ರೇಸ್ ಲೇಟಾದ್ರೆ ನಾನೇ ಬಂದುಬಿಡ್ತೀನಿ ಮಗಾ, ಇಲ್ಲೂ ಮಳೆ ಜೋರಿದೆ, ಸ್ವಲ್ಪ ನೋಡ್ತೀನಿ." ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್. ಬೈಕಲ್ಲಿ ಅರ್ಧ ಗಂಟೆ.

ಕುಣಿಗಲ್ ಬೇಡ ಅಂದ. ನಾನು ನಕ್ಕೆ. ಅಲ್ಲಿಂದ ನಮ್ಮ ಹಳೇ ಜಗಳ ಶುರು. ನನ್ನ ವಾದ ಯಾವಾಗಲೂ ಒಂದೇ: ದುಡ್ಡು ಕೊಟ್ಟು ಬಂದ ಜನ ನೆನೀತಾ ಕೂತಿರ್ತಾರೆ, ಡ್ರೈವರ್‌ಗಳಿಗೇನು ಕಷ್ಟ, ಓಡಿಸಬೇಕು. 2021ರ ಆಗಸ್ಟ್ 29ರ ಸ್ಪಾ ರೇಸನ್ನ ಎತ್ತಿದೆ. ಅವತ್ತು ಜನ ಗಂಟೆಗಟ್ಟಲೆ ಮಳೆಯಲ್ಲಿ ಕಾದರು. ಕೊನೆಗೆ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಥರ ಒಂದೆರಡು ಸುತ್ತು ಹಾಕಿಸಿ, ವೆರ್ಸ್ಟಾಪೆನ್ ಗೆದ್ದ ಅಂತ ಹೇಳಿ ಅರ್ಧ ಪಾಯಿಂಟ್ ಕೊಟ್ಟರು. 25ರ ಬದಲು ಹನ್ನೆರಡೂವರೆ. ಒಬ್ಬನೂ ಒಬ್ಬನನ್ನ ಹಿಂದೆ ಹಾಕಿರಲಿಲ್ಲ. ಆಮೇಲೆ ನಿಯಮವನ್ನೇ ಬದಲಾಯಿಸಬೇಕಾಯ್ತು, ಸೇಫ್ಟಿ ಕಾರ್ ಇಲ್ಲದೆ ಎರಡು ಸುತ್ತಾದರೂ ಆಗದಿದ್ರೆ ಪಾಯಿಂಟೇ ಇಲ್ಲ ಅಂತ.

ಕುಣಿಗಲ್ ಒಂದೇ ಮಾತು ಹೇಳಿದ: "2014, ಸುಝುಕಾ." ಮಳೆಯಲ್ಲಿ ಕಾರು ಜಾರಿ, ಕ್ರೇನ್ ಗಾಡಿಗೆ ಬಡಿದು, ಒಂಬತ್ತು ತಿಂಗಳು ಪ್ರಜ್ಞೆ ಬರದೆ ತೀರಿಕೊಂಡ ಜೂಲ್ಸ್ ಬಿಯಾಂಕಿ. ಅವನ ಹೆಸರು ತಂದಮೇಲೆ ವಾದ ಅಲ್ಲಿಗೇ ಮುಗೀಬೇಕು. ನನಗೆ ಸೋಲೋಕೆ ಇಷ್ಟ ಇರಲಿಲ್ಲ. ಫೋನ್ ಎತ್ತಿಕೊಂಡು ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ: "ಬಾರೋ, ಮಳೆ ಏನ್ ಮಾಡುತ್ತೆ." ಟೈಮ್ 12:07.

ಒಂದೂಕಾಲಿಗೆ ಅವನ ಉತ್ತರ, "ಹೊರಟೆ." ಎರಡು ಗಂಟೆಯಾಯ್ತು. ಎರಡೂಕಾಲಿಗೆ, ನಾಲ್ಕು ಗಂಟೆ ತಡವಾಗಿ ಇಂಡಿ ಶುರುವಾಯ್ತು. ಲೈವ್ ಟೈಮಿಂಗ್‌ನಲ್ಲಿ ಹೆಸರುಗಳು ಮೇಲೆ ಕೆಳಗೆ ಆಗ್ತಿದ್ವು. ಇಬ್ಬರೂ ನೋಡ್ತಿದ್ದೆವು, ಇಬ್ಬರಿಗೂ ಒಂದೂ ಕಾಣ್ತಿರಲಿಲ್ಲ. ಅವನ ಫೋನು ರಿಂಗ್ ಆಗ್ತಿತ್ತು, ಎತ್ತುತ್ತಿರಲಿಲ್ಲ. ಕುಣಿಗಲ್ ಒಂದು ಸಲವೂ 'ಹೇಳಿರಲಿಲ್ವಾ' ಅನ್ನಲಿಲ್ಲ. ಅಂದುಬಿಟ್ಟಿದ್ರೆ ಚೆನ್ನಾಗಿರ್ತಿತ್ತು.

ಎರಡೂ ನಲವತ್ತಕ್ಕೆ ಅವನ ನಂಬರಿಂದ ಬೇರೆ ಯಾರದೋ ದನಿ. ಲಾರಿ ಡ್ರೈವರ್ ಒಬ್ಬರು. ರಸ್ತೆ ಪಕ್ಕದ ಕೆಂಪು ಮಣ್ಣು ನೀರಲ್ಲಿ ಡಾಂಬರಿನ ಮೇಲೆ ಹರಿದಿತ್ತಂತೆ, ಬೈಕ್ ಜಾರಿದೆ. "ಮಾತಾಡ್ತಾವ್ನೆ, ಗಾಬ್ರಿ ಆಗ್ಬೇಡಿ" ಅಂದರು. ಆಸ್ಪತ್ರೆಗೂ ಅವರೇ ಕರೆತಂದರು. ನಾವು ಹೋಗಿ ಸೇರೋ ಹೊತ್ತಿಗೆ ಹೊರಟೇ ಹೋಗಿದ್ದರು. ಹೆಸರು ಕೇಳಲೂ ಆಗಲಿಲ್ಲ.

ಭುಜದ ಮೂಳೆ ಮುರಿದಿತ್ತು, ಮಂಡಿ ತರಚಿತ್ತು. ಹೆಲ್ಮೆಟ್ ಒಂದು ಕಡೆ ಪೂರ್ತಿ ಉಜ್ಜಿಹೋಗಿತ್ತು. ಆ ಹೆಲ್ಮೆಟನ್ನ ನಾನು ತೊಡೆ ಮೇಲೆ ಇಟ್ಟುಕೊಂಡು ಕಾರಿಡಾರಲ್ಲಿ ಕೂತಿದ್ದೆ. ಐದೂಕಾಲರ ಹೊತ್ತಿಗೆ ಫೋನಲ್ಲಿ ಬಂತು: ಕೊನೇ ಸುತ್ತಿನಲ್ಲಿ ಓವಾರ್ಡ್‌ನನ್ನ ದಾಟಿ ನ್ಯೂಗಾರ್ಡನ್ ಗೆದ್ದ. ಲಾರ್ಸನ್ 18ನೆಯವನು. ಅವನು ಹಾರಿ ಷಾರ್ಲೆಟ್ ಮುಟ್ಟೋ ಹೊತ್ತಿಗೆ ಅಲ್ಲೂ ಮಳೆ. ಅವನ ಕಾರನ್ನ ಅಲ್ಲಿವರೆಗೂ ಜಸ್ಟಿನ್ ಆಲ್ಗೇಯರ್ ಓಡಿಸಿದ್ದ. 400ರಲ್ಲಿ 249 ಸುತ್ತಿಗೇ ರೇಸ್ ಮುಗೀತು ಅಂತ ಘೋಷಿಸಿದರು, ಕ್ರಿಸ್ಟೋಫರ್ ಬೆಲ್ ಗೆದ್ದ. ಲಾರ್ಸನ್ ಅಲ್ಲಿ ಒಂದೇ ಒಂದು ಸುತ್ತೂ ಓಡಿಸಲಿಲ್ಲ. ಇದನ್ನ ಹೇಳಿದಾಗ ಗುಬ್ಬಿ, ಮಂಚದ ಮೇಲಿಂದಲೇ, "ನನ್ ಥರಾನೇ" ಅಂದ. ನಗೋಕೆ ಹೋಗಿ ನೋವಿಗೆ ಮುಖ ಕಿವುಚಿದ.

ಬೆಳಿಗ್ಗೆ ಮೊದಲ ಬಸ್ಸಿಗೆ ಅವರಮ್ಮ ಬಂದರು. ಸೀರೆ ಅಂಚೆಲ್ಲ ಒದ್ದೆ. ನನಗೆ ಅವರ ಮುಖ ನೋಡೋ ಧೈರ್ಯ ಇರಲಿಲ್ಲ. ಮಗನ ಹಣೆ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ಅಷ್ಟೊತ್ನಲ್ಲಿ ಯಾಕಪ್ಪಾ ಹೊಲ್ಟ ಇವ್ನು?" ಅಂದರು. ನಾನು ಬಾಯಿ ತೆರೆಯೋದ್ರೊಳಗೆ ಗುಬ್ಬಿ ಹೇಳಿದ, "ನಾನೇ ಕಣಮ್ಮ. ಇವ್ರು ಬೇಡ ಅಂದಿದ್ರು." ನಾನು ಸುಮ್ಮನಿದ್ದೆ. ಅವರು ನನ್ನ ಕೈಗೆ ನೂರು ರೂಪಾಯಿ ಕೊಟ್ಟು, ರಾತ್ರಿಯೆಲ್ಲಾ ಎದ್ದಿದ್ದೀರ, ಹೋಗಿ ತಟ್ಟೆ ಇಡ್ಲಿ ತಿಂದು ಬನ್ನಿ ಅಂದರು. ಆ ನೋಟು ಖರ್ಚು ಮಾಡೋಕೆ ನನ್ನಿಂದ ಆಗಲಿಲ್ಲ.

ಮೂರು ತಿಂಗಳಿಗೆ ಗುಬ್ಬಿ ಮತ್ತೆ ಬೈಕ್ ಹತ್ತಿದ. ಈಗ ರೇಸಿನ ದಿನ ಮಳೆಯಾದ್ರೆ ನಾನೂ ಕುಣಿಗಲ್ಲೂ ಬಸ್ಸಲ್ಲಿ ಗುಬ್ಬಿಗೇ ಹೋಗ್ತೀವಿ. ಅವರಮ್ಮನಿಗೆ ಕೆಂಪು ಬಾವುಟ ಅಂದ್ರೇನು ಅಂತ ಗೊತ್ತಾಗಿದೆ, ಆದ್ರೆ "ಇಷ್ಟು ಮಳೆಗೆಲ್ಲ ನಿಲ್ಸುಬುಟ್ರಾ?" ಅಂತ ಅವರೂ ನನ್ನ ಹಳೇ ವಾದವನ್ನೇ ಮಾಡ್ತಾರೆ. ಉತ್ತರ ಹೇಳೋ ಕೆಲಸ ಈಗ ನನ್ನದು.

ಆ ವಾಯ್ಸ್ ಮೆಸೇಜ್ ಗ್ರೂಪಲ್ಲಿ ಇನ್ನೂ ಇದೆ. ವಾರ ಕಳೆದ ಮೇಲೆ ಅಳಿಸೋಕೆ ಹೋದೆ. ಎಲ್ಲರ ಫೋನಿಂದಲೂ ತೆಗೆಯೋ ಗಡುವು ಮುಗಿದಿತ್ತು, ನನ್ನ ಫೋನಿಂದ ಮಾತ್ರ ತೆಗೀಬಹುದಿತ್ತು. ಬಿಟ್ಟೆ. ಅವರಮ್ಮನಿಗೆ ನಿಜ ಹೇಳಿದ್ದು ಮಾತ್ರ ಹೋದ ತಿಂಗಳು. ಕಾಯಿ ಸುಲೀತಿದ್ದವರು ತಲೆ ಎತ್ತದೆ, "ಗೊತ್ತು ಬಿಡಪ್ಪಾ, ಅವತ್ತೇ ಕೇಳ್ಸ್ಕೊಂಡಿದ್ದೆ, ಜೋರಾಗ್ ಹಾಕಿದ್ದ" ಅಂದರು.