ಜೋಳಿಗೆಗೆ ಹಾಕಲಾಗದ ಚಟ



ಇಳಕಲ್ಲಿನ ಶ್ರೀ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಬೀಡಿ, ತಂಬಾಕು, ಮದ್ಯಗಳನ್ನು ತೊರೆಯುವ ವಾಗ್ದಾನವನ್ನು ಅನೇಕರು ಆ ಜೋಳಿಗೆಗೆ ಅರ್ಪಿಸಿದರು. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅಷ್ಟರಲ್ಲಿ ನಮ್ಮ ಮನೆಗಳಲ್ಲಿ ಹೊಸ ಚಟವೊಂದು ಕಾಲೂರಿತ್ತು: ಮೊಬೈಲ್ ಆಟ.

ಬೀಡಿಯ ಕಟ್ಟನ್ನು ಜೋಳಿಗೆಗೆ ಹಾಕಬಹುದಿತ್ತು. ಮೊಬೈಲನ್ನು ಹಾಕುವುದೆಂತು? ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಇಳಕಲ್ ಸೀರೆಯ ಗಿರಾಕಿ, ಎಲ್ಲವೂ ಅದರಲ್ಲಿಯೇ. ಆಟವಾದರೋ ಮುಗಿಯದಂತೆಯೇ ರಚಿತವಾದುದು. ನಿತ್ಯ ಬಂದವನಿಗೆ ಬಹುಮಾನ, ತಪ್ಪಿಸಿದವನಿಗೆ ನಷ್ಟ. ಕೇಂದ್ರ ಸರ್ಕಾರವು 2020ರಲ್ಲಿ ಪಬ್‌ಜಿಯನ್ನು ನಿಷೇಧಿಸಿತು. ಮರುವರ್ಷವೇ ಅದು ಬೇರೆ ಹೆಸರು ಹೊತ್ತು ಮರಳಿತು!

ಆಡುವ ಮಕ್ಕಳೆಲ್ಲರನ್ನೂ ರೋಗಿಗಳೆಂದು ಬಗೆಯಬೇಕಿಲ್ಲ. ಊಟ, ನಿದ್ರೆ, ಓದು ಕೆಡುತ್ತಿದ್ದರೂ ಹಿಡಿತ ತಪ್ಪಿ ತಿಂಗಳುಗಟ್ಟಲೆ ಆಟದಲ್ಲಿಯೇ ಮುಳುಗಿದರೆ ಅದು ವ್ಯಾಧಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥವರಿಗಾಗಿ ಚಿಕಿತ್ಸಾಲಯ ತೆರೆದಿತ್ತು.

ಹುನಗುಂದದ ಪರಿಚಿತರ ಮನೆಯಲ್ಲಿ ಕಂಡ ಮಾತಿದು. ಇಷ್ಟಲಿಂಗವನ್ನು ಇರಿಸಿಕೊಳ್ಳಬೇಕಾದ ಎಡ ಅಂಗೈಯಲ್ಲಿ ಬಾಲಕನು ಮೊಬೈಲ್ ಹಿಡಿದು ಕುಳಿತಿದ್ದನು. ಪೂಜೆಗೆ ಕರೆದರೆ, “ಇದೊಂದು ಆಟ” ಎಂದನು. ತಂದೆ ಗದರಿದರು. ಅವನು ತಲೆಯೆತ್ತದೆ, “ನಿಮ್ಮದನ್ನೂ ಇಡಿರಿ, ನಾನೂ ಇಡುತ್ತೇನೆ” ಎಂದನು. ನೋಡಿದರೆ ತಂದೆಯ ಕೈಯಲ್ಲಿಯೂ ಮೊಬೈಲು! ಅವರು ಕೋಪಿಸಿಕೊಳ್ಳಲಿಲ್ಲ, ನಾಚಿದರು.

ಈಗ ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎರಡೂ ಮೊಬೈಲುಗಳು ಪಡಸಾಲೆಯ ಮಾಡದಲ್ಲಿರುತ್ತವೆ. ಬಾಲಕನು ಕೆಲವು ದಿನ ತಪ್ಪುತ್ತಾನೆ, ತಂದೆಯೂ.